ಗಿಟಾರ್ ಎದೆಗೋ, ಸೊಂಟಕ್ಕೋ, ತೊಡೆಗೋ? ಎತ್ತರ ಆರಿಸುವ ಬಗೆ

ಎಡಗೈಯ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಮಡಚಿ, ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿಯಲು ನೋಡಿ. ಬೆರಳುಗಳು ಅರ್ಧಕ್ಕೇ ನಿಂತುಬಿಡುತ್ತವೆ. ಬಲವಂತವಾಗಿ ಬಿಗಿದರೂ ಹಿಡಿತದಲ್ಲಿ ಕಸುವಿರುವುದಿಲ್ಲ. ಈಗ ಮಣಿಕಟ್ಟನ್ನು ನೇರ ಮಾಡಿ ಅದೇ ಮುಷ್ಟಿ ಬಿಗಿಯಿರಿ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಅಂಗೈಯಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳ ರಜ್ಜುಗಳು ಮಣಿಕಟ್ಟಿನ ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿಗೆ ಹೋಗುತ್ತವೆ. ಮಣಿಕಟ್ಟು ಒಳಕ್ಕೆ ಬಾಗಿದಷ್ಟೂ ಆ ಸ್ನಾಯುಗಳು ಬಲ ಹಾಕುವ ಮುಂಚೆಯೇ ಕುಗ್ಗಿ ಹೋಗಿರುತ್ತವೆ, ಕೈಯ ಹಿಂಬದಿಯ ರಜ್ಜುಗಳು ಬೆರಳನ್ನು ಹಿಂದಕ್ಕೆ ಜಗ್ಗುತ್ತವೆ, ದಾರಿಯೂ ಇನ್ನಷ್ಟು ಇಕ್ಕಟ್ಟಾಗುತ್ತದೆ. ಬಾರ್ ಕಾರ್ಡ್ (ಒಂದೇ ಬೆರಳು ಹಲವು ತಂತಿಗಳನ್ನು ಅಡ್ಡಕ್ಕೆ ಒತ್ತುವ ಸ್ವರಗುಚ್ಛ) ಬಝ್ ಎಂದು ಗರಗುಟ್ಟುವುದು, ಕಿರುಬೆರಳು ನಾಲ್ಕನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮುಟ್ಟದಿರುವುದು, ಹತ್ತೇ ನಿಮಿಷಕ್ಕೆ ಹೆಬ್ಬೆರಳ ಬುಡ ನೋಯುವುದು, ಇವುಗಳಲ್ಲಿ ಹಲವು ದೂರುಗಳು ಅಭ್ಯಾಸ ಸಾಲದೆ ಬಂದವಲ್ಲ. ಗಿಟಾರ್ ಕೂತ ಜಾಗ ಸರಿಯಿಲ್ಲದೆ ಬಂದವು.

ಗಿಟಾರನ್ನು ಮೇಲೆ ಕಟ್ಟಬೇಕೋ ಕೆಳಗೆ ಇಳಿಬಿಡಬೇಕೋ ಎಂಬ ವಾದ ಸಾಮಾನ್ಯವಾಗಿ ಯಾವುದು ನೋಡಲು ಚೆಂದ ಎಂಬಲ್ಲೇ ಗಿರಕಿ ಹೊಡೆಯುತ್ತದೆ. ಚೆಂದವೂ ಲೆಕ್ಕಕ್ಕೆ ಬರುವ ವಿಷಯವೇ, ವೇದಿಕೆ ಹತ್ತುವವರಿಗೆ ಇನ್ನೂ ಹೆಚ್ಚು. ಆದರೆ ಕೈಗೆ ತಿಳಿಯುವ ಸಂಗತಿಗಳು ಎರಡೇ. ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ನಿಮ್ಮ ಹೊಕ್ಕುಳಿಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆ ಎಂಬುದೊಂದು, ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು) ನೆಲಕ್ಕೆ ಎಷ್ಟು ಓರೆಯಾಗಿ ಎದ್ದಿದೆ ಎಂಬುದು ಇನ್ನೊಂದು. ಎಲ್ಲರ ಕಣ್ಣು ಮೊದಲನೆಯದರ ಮೇಲಿರುತ್ತದೆ, ಆದರೆ ಮಣಿಕಟ್ಟನ್ನು ಕಾಪಾಡುವುದು ಹೆಚ್ಚಾಗಿ ಎರಡನೆಯದು.

ನೆಕ್ ನೆಲಕ್ಕೆ ಸಮಾನಾಂತರವಾಗಿದ್ದರೆ ಒಂದನೇ ಫ್ರೆಟ್ ದೇಹದಿಂದ ಅತಿ ದೂರ ಹೋಗುತ್ತದೆ. ಎಡ ಮೊಣಕೈ ಪಕ್ಕಕ್ಕೆ ಚಾಚಿಕೊಳ್ಳುತ್ತದೆ, ಬೆರಳು ತಂತಿಗೆ ಮುಟ್ಟಲು ಮಣಿಕಟ್ಟು ಬಾಗಲೇಬೇಕಾಗುತ್ತದೆ. ಅದೇ ನೆಕ್ಕನ್ನು 30ರಿಂದ 45 ಡಿಗ್ರಿ ಮೇಲಕ್ಕೆತ್ತಿ. ಮೊಣಕೈ ಪಕ್ಕೆಯ ಹತ್ತಿರ ಇಳಿಯುತ್ತದೆ, ಮಣಿಕಟ್ಟು ತಾನಾಗಿ ನೇರವಾಗುತ್ತದೆ, ಹೆಬ್ಬೆರಳು ನೆಕ್ಕಿನ ಹಿಂದೆ ನಡುಬೆರಳಿನ ಎದುರಿಗೆ ಸರಿಯಾಗಿ ಕೂರುತ್ತದೆ. ಗನ್ಸ್ ಎನ್ ರೋಸಸ್ ತಂಡದ ಸ್ಲ್ಯಾಶ್ ತನ್ನ ಲೆಸ್ ಪಾಲ್ ಗಿಟಾರನ್ನು ತೊಡೆಯವರೆಗೆ ಇಳಿಬಿಟ್ಟಿದ್ದರೂ ಸೋಲೋ ಬಂದಾಗ ನೆಕ್ಕನ್ನು ಹೆಚ್ಚುಕಡಿಮೆ ಆಕಾಶಕ್ಕೆ ಮುಖ ಮಾಡಿಸುತ್ತಾನೆ. ಡ್ರೀಮ್ ಥಿಯೇಟರ್ ತಂಡದ ಜಾನ್ ಪೆಟ್ರೂಚಿ ಕಷ್ಟದ ಸೋಲೋ ಹೊತ್ತಿಗೆ ಎಡಗಾಲನ್ನು ವೇದಿಕೆಯ ಮೇಲಿನ ಪುಟ್ಟ ಮಣೆಯ ಮೇಲಿಟ್ಟು ಗಿಟಾರನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಾನೆ. ರಾಕ್ ಗಿಟಾರಿಸ್ಟರು ಮಾನಿಟರ್ ಸ್ಪೀಕರ್ ಮೇಲೆ ಕಾಲಿಡುವುದರಲ್ಲಿ ಒಂದಿಷ್ಟು ಗತ್ತು ಇದ್ದೇ ಇದೆ. ಉಳಿದದ್ದು ಮಣಿಕಟ್ಟಿನ ಅನುಕೂಲ.

(ಇಲ್ಲಿ ಹೇಳಿರುವುದೆಲ್ಲ ಬಲಗೈಯವರ ಲೆಕ್ಕ. ಎಡಗೈಯವರು ಬಲ-ಎಡ ಅದಲುಬದಲು ಮಾಡಿ ಓದಿಕೊಳ್ಳಿ.)

ಕೂತು ನುಡಿಸುವಾಗ

ಮೊದಲು ಕುರ್ಚಿ. ಕೈಗಳಿಲ್ಲದ, ಗಟ್ಟಿ ಸೀಟಿನ, ಸುಮಾರು 45 ಸೆಂ.ಮೀ. ಎತ್ತರದ ಸಾದಾ ಕುರ್ಚಿ ಸಾಕು. ಪಾದ ಎರಡೂ ನೆಲ ಮುಟ್ಟಬೇಕು, ತೊಡೆ ನೆಲಕ್ಕೆ ಸಮನಾಗಿರಬೇಕು. ಸೋಫಾ, ಹಾಸಿಗೆ ಎರಡರಲ್ಲೂ ಸೊಂಟ ಮಂಡಿಗಿಂತ ಕೆಳಗಿಳಿಯುತ್ತದೆ, ಬೆನ್ನು ಗೂನಾಗುತ್ತದೆ, ಗಿಟಾರ್ ಹೊಟ್ಟೆಯ ಮೇಲೆ ಮಲಗಿಕೊಳ್ಳುತ್ತದೆ. ಅಲ್ಲಿ ಹಾಡಿಗೆ ಸ್ಟ್ರಮ್ (ತಂತಿಗಳನ್ನು ಒಟ್ಟಿಗೆ ಬಾರಿಸುವುದು) ಮಾಡಿಕೊಳ್ಳಬಹುದೇ ಹೊರತು ತಂತ್ರ ಕಲಿಯಲು ಆಗದು.

ಬಲತೊಡೆಯ ಮೇಲೆ ಗಿಟಾರಿನ ಸೊಂಟವನ್ನಿಟ್ಟು ಕೂರುವುದು ಎಲ್ಲಕ್ಕಿಂತ ಬಳಕೆಯ ಭಂಗಿ. ಬೇರೆ ಸಾಮಾನು ಬೇಡ, ಅಕೌಸ್ಟಿಕ್ ಸ್ಟ್ರಮ್ಮಿಂಗಿಗೂ ಓಪನ್ ಕಾರ್ಡುಗಳಿಗೂ (ಕೆಲವು ತಂತಿಗಳನ್ನು ಒತ್ತದೆ ಬಿಡುವ ಸ್ವರಗುಚ್ಛಗಳು) ಧಾರಾಳವಾಗಿ ಸಾಕು. ಇದರ ಕೊರತೆ ನೆಕ್ಕಿನ ಕೋನ. ಗಿಟಾರ್ ಬಲಕ್ಕೆ ಸರಿದಿರುವುದರಿಂದ ನೆಕ್ ಅಡ್ಡಡ್ಡವಾಗುತ್ತದೆ, ಒಂದನೇ ಫ್ರೆಟ್ ಎಡಗಡೆ ದೂರ ಉಳಿಯುತ್ತದೆ. ಎಫ್ ಬಾರ್ ಕಾರ್ಡ್ ಹೊಸಬರ ಜೀವ ಹಿಂಡುವುದಕ್ಕೆ ಬೆರಳ ಬಲ ಸಾಲದಿರುವುದು ಒಂದು ಕಾರಣವಾದರೆ ಈ ಕೋನ ಇನ್ನೊಂದು. ಡ್ರೆಡ್‌ನಾಟ್ ಮಾದರಿಯ ದೊಡ್ಡ ಗಿಟಾರುಗಳಲ್ಲಿ ತೊಂದರೆ ಇಮ್ಮಡಿ. ಕೆಳಭಾಗದ ಅಗಲ 40 ಸೆಂ.ಮೀ. ಹತ್ತಿರ ಇರುವುದರಿಂದ ಬಲಗೈ ಅದನ್ನು ದಾಟಿ ಬರಬೇಕು. ಗಿಡ್ಡ ಮೈಕಟ್ಟಿನವರಿಗೆ, ಮಕ್ಕಳಿಗೆ ಬಲಹೆಗಲು ಕಿವಿಯತ್ತ ಏರಿಬಿಡುತ್ತದೆ. ಅಂಥವರು ಭಂಗಿ ತಿದ್ದುವ ಮೊದಲು ಗಿಟಾರಿನ ಅಳತೆ ತಿದ್ದಬೇಕು. ಹತ್ತು ವರ್ಷದೊಳಗಿನ ಮಗುವಿಗೆ ಮುಕ್ಕಾಲು ಅಳತೆಯ ಗಿಟಾರ್ ಕೊಡಿಸಿ. ‘ಹೇಗೂ ಬೆಳೆಯುತ್ತಾನಲ್ಲ’ ಎಂದು ದೊಡ್ಡದು ತಂದುಕೊಟ್ಟರೆ ಹುಡುಗ ಬೆಳೆಯುವಷ್ಟರಲ್ಲಿ ಗಿಟಾರ್ ಅಟ್ಟ ಸೇರಿರುತ್ತದೆ.

ಬಲತೊಡೆಯ ಭಂಗಿಯನ್ನೇ ಸುಧಾರಿಸಲು ಸುಲಭದ ಉಪಾಯ ಬಲಗಾಲನ್ನು ಎಡಗಾಲ ಮೇಲೆ ಹಾಕಿಕೊಳ್ಳುವುದು. ಗಿಟಾರ್ ಐದಾರು ಸೆಂ.ಮೀ. ಏರುತ್ತದೆ, ಎದೆಗೆ ಹತ್ತಿರವಾಗುತ್ತದೆ. ಸ್ಪೇನಿನ ಫ್ಲಮೆಂಕೊ ಸಂಗೀತದ ಪಾಕೊ ದೆ ಲುಸಿಯಾ ಹೀಗೆ ಕಾಲ ಮೇಲೆ ಕಾಲು ಹಾಕಿಕೊಂಡೇ ನುಡಿಸಿದವರು. ಅವರ ಪೀಳಿಗೆಯ ನಂತರ ಫ್ಲಮೆಂಕೊದಲ್ಲಿ ಈ ಭಂಗಿ ತೀರ ಸಾಮಾನ್ಯವಾಯಿತು. ಒಂದು ತಾಸಿನ ಮೇಲೆ ಮಾತ್ರ ಕಾಲು ಜೋಮು ಹಿಡಿಯುತ್ತದೆ, ಸೊಂಟ ಒಂದು ಪಕ್ಕಕ್ಕೆ ತಿರುಚುತ್ತದೆ.

ಕ್ಲಾಸಿಕಲ್ ಭಂಗಿಯಲ್ಲಿ ಗಿಟಾರ್ ಎಡತೊಡೆಯ ಮೇಲೆ ಕೂರುತ್ತದೆ, ಎಡಪಾದದ ಕೆಳಗೆ 12ರಿಂದ 15 ಸೆಂ.ಮೀ. ಎತ್ತರದ ಕಾಲ್ಮಣೆ ಇರುತ್ತದೆ. ನೆಕ್ 45 ಡಿಗ್ರಿ ಆಸುಪಾಸು ಏಳುತ್ತದೆ, ಹೆಡ್‌ಸ್ಟಾಕ್ (ತಂತಿ ಬಿಗಿಯುವ ಕೀಲಿಗಳಿರುವ ತಲೆ) ಕಣ್ಣಿನ ಮಟ್ಟಕ್ಕೆ ಬರುತ್ತದೆ. ಎಡತೊಡೆ, ಬಲತೊಡೆಯ ಒಳಬದಿ, ಎದೆ, ಬಲ ಮುಂಗೈ, ಈ ನಾಲ್ಕು ಆಸರೆಗಳ ನಡುವೆ ಗಿಟಾರ್ ನಿಲ್ಲುವುದರಿಂದ ಎಡಗೈ ಬಿಟ್ಟರೂ ಅದು ಅಲುಗಬಾರದು. ಯಾವ ಭಂಗಿಗಾದರೂ ಇದೇ ಪರೀಕ್ಷೆ. ಎಡಗೈ ತೆಗೆದಾಗ ನೆಕ್ ಕುಸಿದರೆ ನೀವು ಇಷ್ಟು ಹೊತ್ತು ಅರ್ಧ ಬೆರಳಲ್ಲಿ ನುಡಿಸಿ ಅರ್ಧ ಬೆರಳಲ್ಲಿ ಗಿಟಾರ್ ಹೊತ್ತಿದ್ದೀರಿ ಎಂದರ್ಥ. ನಾಲ್ಕು ಫ್ರೆಟ್ ಚಾಚು, 12ನೇ ಫ್ರೆಟ್ ಆಚೆಯ ಸ್ವರ, ಪಿಕ್ ಇಲ್ಲದೆ ಬೆರಳಿನಿಂದಲೇ ಮೀಟುವ ಫಿಂಗರ್‌ಸ್ಟೈಲ್ ಎಲ್ಲಕ್ಕೂ ಇದಕ್ಕೆ ಸಾಟಿಯಾದ ಭಂಗಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎಲೆಕ್ಟ್ರಿಕ್ ನುಡಿಸುವವರೂ ಕಲಿಕೆಯ ಹೊತ್ತಿನಲ್ಲಿ ಇದನ್ನು ಬಳಸಬಹುದು. ‘ವಿ’ ಆಕಾರದ ಗಿಟಾರ್ ಇರುವವರಿಗಂತೂ ಬೇರೆ ದಾರಿಯೇ ಇಲ್ಲ. ಅದು ಬಲತೊಡೆಯ ಮೇಲೆ ನಿಲ್ಲದೆ ಜಾರುತ್ತದೆ. ಅದರ ಎರಡು ರೆಕ್ಕೆಗಳ ನಡುವೆ ಬಲತೊಡೆಯನ್ನು ಸಿಕ್ಕಿಸಿಕೊಂಡರೆ ತಾನಾಗಿ ಕ್ಲಾಸಿಕಲ್ ಕೋನ ಸಿಗುತ್ತದೆ.

ಕಾಲ್ಮಣೆಯ ಬೆಲೆ ತೆರುವುದು ಸೊಂಟ. ಒಂದು ಕಾಲು ಮೇಲಿದ್ದಾಗ ಸೊಂಟದ ಮೂಳೆ ಒಂದು ಪಕ್ಕ ವಾಲುತ್ತದೆ, ದಿನಕ್ಕೆ ಎರಡು ಮೂರು ತಾಸು ಕೂರುವವರಿಗೆ ಕೆಳಬೆನ್ನು ನೋಯತೊಡಗುತ್ತದೆ. ಆಗ ಮಣೆ ಬಿಟ್ಟು ಗಿಟಾರ್ ಸಪೋರ್ಟ್ ಹಾಕಿಕೊಳ್ಳಿ. ರಬ್ಬರ್ ಬಟ್ಟಲುಗಳಿಂದ ಗಿಟಾರಿನ ಪಕ್ಕಕ್ಕೆ ಅಂಟುವ ಲೋಹದ ಚೌಕಟ್ಟು ಅಥವಾ ತೊಡೆಯ ಮೇಲಿಡುವ ದಿಂಬು, ಎರಡೂ ಸಿಗುತ್ತವೆ. ಪಾದ ಎರಡೂ ನೆಲದಲ್ಲೇ ಇರುತ್ತವೆ, ಕೋನವೂ ಉಳಿಯುತ್ತದೆ. ಚೌಕಟ್ಟು ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಬಟ್ಟಲು ಹೊಳಪಿನ ಪಾಲಿಶ್ ಮೇಲೆ ಮಾತ್ರ ಭದ್ರವಾಗಿ ಹಿಡಿಯುತ್ತದೆ. ಮ್ಯಾಟ್ ಫಿನಿಶ್ ಆದರೆ ಪಾರದರ್ಶಕ ಹಾಳೆ ಅಂಟಿಸಿ ಅದರ ಮೇಲೆ ಕೂರಿಸಬೇಕು. ಫ್ರೆಂಚ್ ಪಾಲಿಶ್ ಇರುವ ದುಬಾರಿ ಗಿಟಾರಿಗೆ ಬಟ್ಟಲು ಬೇಡವೇ ಬೇಡ, ಗುರುತು ಬೀಳುತ್ತದೆ. ದಿಂಬೇ ಸರಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಮ್ಮ ಕಡೆಯ ಬೇರೆಯದೇ ದಾರಿ. ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುವ ಆರ್. ಪ್ರಸನ್ನ ಕಚೇರಿಯಲ್ಲಿ ಹೀಗೆ ಕೂರುತ್ತಾರೆ. ಗಮಕಕ್ಕಾಗಿ ಎಡಗೈ ಒಂದೇ ತಂತಿಯ ಮೇಲೆ ಉದ್ದಕ್ಕೆ ಜಾರುತ್ತ, ತಂತಿಯನ್ನು ಅಡ್ಡಕ್ಕೆ ಎಳೆಯುತ್ತ ಓಡಾಡಬೇಕು. ಹೆಬ್ಬೆರಳು ನೆಕ್ಕಿಗೆ ಕಚ್ಚಿಕೊಂಡರೆ ಜಾರು ಅಲ್ಲೇ ತುಂಡಾಗುತ್ತದೆ. ಹಾಗಾಗಿ ನೆಲದಲ್ಲಿ ಕೂರುವವರೂ ಸ್ಟ್ರಾಪ್ (ಹೆಗಲಪಟ್ಟಿ) ಹಾಕಿಕೊಳ್ಳುವುದು ಒಳ್ಳೆಯದು, ಎಡಗೈಗೆ ಭಾರ ಹೊರುವ ಕೆಲಸ ಇರಬಾರದು. ಬುಡದ ಕೆಳಗೆ ನಾಲ್ಕು ಬೆರಳು ದಪ್ಪದ ಮೆತ್ತೆ ಇಟ್ಟುಕೊಂಡರೆ ಬೆನ್ನು ನೇರ ನಿಲ್ಲುತ್ತದೆ. ಮೋಹನ ವೀಣೆಯ ವಿಶ್ವಮೋಹನ ಭಟ್ಟರ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿ ಉಕ್ಕಿನ ಕಡ್ಡಿಯಿಂದ ನುಡಿಸುವ ಸ್ಲೈಡ್ ಗಿಟಾರ್ ಈ ಹೋಲಿಕೆಗೆ ಬರುವುದಿಲ್ಲ, ಅಲ್ಲಿ ಬೆರಳು ಫ್ರೆಟ್ ಒತ್ತುವುದೇ ಇಲ್ಲ. ಕೆನಡಾದ ಜೆಫ್ ಹೀಲಿ ಮಾತ್ರ ಎರಡೂ ಕಡೆಗೆ ಸಲ್ಲದ ಆಸಾಮಿ. ಕಣ್ಣು ಕಾಣದ ಆತ ಸಾದಾ ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಹೆಬ್ಬೆರಳೂ ಸೇರಿ ಐದೂ ಬೆರಳಿಂದ ಮೇಲಿನಿಂದ ಒತ್ತಿ ಬ್ಲೂಸ್ ನುಡಿಸುತ್ತಿದ್ದ.

ನಿಂತು ನುಡಿಸುವಾಗ

ಮೇಲೆ ಕಟ್ಟಿದ ಗಿಟಾರ್, ಅಂದರೆ ಬ್ರಿಡ್ಜ್ ಹೊಕ್ಕುಳಿಗಿಂತ ಮೇಲೆ. 1960ರ ದಶಕದ ಆರಂಭದ ಬೀಟಲ್ಸ್ ತಂಡದ ಜಾನ್ ಲೆನನ್, ಈಚಿನ ರೇಜ್ ಅಗೇನ್‌ಸ್ಟ್ ದ ಮಷೀನ್ ತಂಡದ ಟಾಮ್ ಮೊರೆಲ್ಲೊ ಹೀಗೆ ಕಟ್ಟಿದವರು. ಎಡಗೈಗೆ ಇದು ಸ್ವರ್ಗ. ಹೆಬ್ಬೆರಳು ನೆಕ್ಕಿನ ಹಿಂಭಾಗದ ನಡುಗೆರೆಯಲ್ಲಿ ಉಳಿಯುತ್ತದೆ, ಬೆರಳುಗಳು ತಂತಿಗೆ ಮೇಲಿನಿಂದ ಬೀಳುತ್ತವೆ, ಟ್ಯಾಪಿಂಗ್ (ಬೆರಳಿನಿಂದ ಫ್ರೆಟ್ ಮೇಲೇ ಬಡಿದು ನುಡಿಸುವುದು), ಲೆಗಾಟೊ (ಪ್ರತಿ ಸ್ವರವನ್ನೂ ಮೀಟದೆ ಜೋಡಿಸುವುದು), ಜಾಝ್‌ನ ಅಗಲವಾದ ಕಾರ್ಡುಗಳು ಸುಲಭ. ತೊಂದರೆ ಶುರುವಾಗುವುದು ಬಲಗೈಗೆ. ಮೊಣಕೈ ಚೂಪಾಗಿ ಮಡಚುತ್ತದೆ, ತಂತಿ ಮುಟ್ಟಲು ಮಣಿಕಟ್ಟು ಒಳಕ್ಕೆ ಬಾಗುತ್ತದೆ, ಸ್ಟ್ರಮ್ಮಿಂಗಿನಲ್ಲಿ ತೋಳು ಬೀಸಲು ಜಾಗವೇ ಇರುವುದಿಲ್ಲ. ಗಿಟಾರಿನ ಅಂಚು ಮುಂಗೈಯನ್ನು ಒತ್ತಿ ಜೋಮು ಹಿಡಿಸುವುದೂ ಈ ಎತ್ತರದಲ್ಲೇ ಹೆಚ್ಚು, ಅದರಲ್ಲೂ ಅಂಚು ಚೂಪಾಗಿರುವ ಟೆಲಿಕ್ಯಾಸ್ಟರ್ ಥರದ ಗಿಟಾರುಗಳಲ್ಲಿ.

ಕೆಳಗೆ ಇಳಿಬಿಟ್ಟ ಗಿಟಾರ್, ಬ್ರಿಡ್ಜ್ ಬೆಲ್ಟ್ ಬಕಲ್‌ಗಿಂತ ಕೆಳಗೆ. ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್, ರಮೋನ್ಸ್ ತಂಡದ ಜಾನಿ ರಮೋನ್, ಸ್ಲ್ಯಾಶ್ ಹೀಗೆ ಕಟ್ಟಿದವರು. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವ ಮೇಷ್ಟರುಗಳಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಗಿಟಾರ್ ಕೆಳಗಿದ್ದಾಗ ಎಡ ಹೆಬ್ಬೆರಳು ನೆಕ್ಕಿನ ಮೇಲಂಚಿಗೆ ತಾನಾಗಿ ಏರುತ್ತದೆ, ಕೈ ನೆಕ್ಕನ್ನು ಬ್ಯಾಟ್ ಹಿಡಿದಂತೆ ಹಿಡಿಯುತ್ತದೆ. ಈ ಹಿಡಿತದಲ್ಲಿ ನಾಲ್ಕು ಫ್ರೆಟ್ ಚಾಚಲು ಆಗದು. ಆದರೆ ಬೆಂಡ್ ಮಾಡಲು (ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರ ಏರಿಸಲು) ಇದಕ್ಕಿಂತ ಗಟ್ಟಿಯಾದ ಆಧಾರ ಸಿಗದು. ಹೆಬ್ಬೆರಳು ಮತ್ತು ತೋರುಬೆರಳ ಬುಡ ನೆಕ್ಕಿಗೆ ಊರಿ, ಮುಂಗೈ ಬಾಗಿಲ ಹಿಡಿ ತಿರುಗಿಸಿದಂತೆ ಹೊರಳುತ್ತದೆ. ತಂತಿಯನ್ನು ತಳ್ಳುವುದು ಆ ಹೊರಳುವಿಕೆ, ಬೆರಳು ಬರೀ ಹಿಡಿದುಕೊಂಡಿರುತ್ತದೆ. ಬ್ಲೂಸ್-ರಾಕ್‌ನ ದಪ್ಪ, ನಿಧಾನ ವೈಬ್ರಾಟೊ (ಸ್ವರದ ನಡುಕ) ಹುಟ್ಟುವುದು ಇಲ್ಲಿಂದ. ಮೇಲಂಚಿನ ಹೆಬ್ಬೆರಳು ಆರನೇ ತಂತಿಯನ್ನು ಮುಟ್ಟಿ ಸುಮ್ಮನಿರಿಸುವುದರಿಂದ ಬೇಡದ ಗೊರಗೊರ ಸದ್ದೂ ನಿಲ್ಲುತ್ತದೆ.

ಬಲಗೈ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ತೋಳು ಉದ್ದಕ್ಕೆ ಇಳಿದಿರುವುದರಿಂದ ಮೊಣಕೈಯಿಂದ ಬೀಸುವ ಡೌನ್‌ಸ್ಟ್ರೋಕಿಗೆ (ಕೆಳಮುಖ ಹೊಡೆತ) ಭಾರ ಬರುತ್ತದೆ. ಜಾನಿ ರಮೋನ್ ಹಾಡಿನ ಉದ್ದಕ್ಕೂ ಬಾರ್ ಕಾರ್ಡುಗಳನ್ನು ಬರೀ ಡೌನ್‌ಸ್ಟ್ರೋಕಿನಲ್ಲೇ ಹೊಡೆಯುತ್ತಿದ್ದ. ಆ ಶೈಲಿಯಲ್ಲಿ ಎಡಗೈ ಹೆಚ್ಚಾಗಿ ಒಂದೇ ಆಕಾರವನ್ನು ಹಿಡಿದು ಜಾರುವುದರಿಂದ ಕೆಳಗಿನ ನೆಕ್ ಅಷ್ಟಾಗಿ ಕಾಡುವುದಿಲ್ಲ. ಆದರೆ ಮುಂಗೈಗೆ ಗಿಟಾರಿನ ಮೈಮೇಲೆ ಆಸರೆ ಇರುವುದಿಲ್ಲ. ವೇಗದ ಆಲ್ಟರ್ನೇಟ್ ಪಿಕಿಂಗ್‌ಗೆ (ಪಿಕ್ಕನ್ನು ಸರದಿಯಲ್ಲಿ ಕೆಳಗೆ-ಮೇಲೆ ಆಡಿಸುವುದು), ಒಂದು ತಂತಿ ಬಿಟ್ಟು ಇನ್ನೊಂದಕ್ಕೆ ಹಾರುವುದಕ್ಕೆ ಬೇಕಾದ ನಿಖರತೆ ತಪ್ಪುತ್ತದೆ. ಪಾಮ್ ಮ್ಯೂಟ್‌ಗೆ (ತಂತಿಯ ಸದ್ದನ್ನು ಅಂಗೈಯಿಂದ ಅದುಮುವುದು) ಅಂಗೈಯ ಅಂಚನ್ನು ಬ್ರಿಡ್ಜ್ ಉದ್ದಕ್ಕೆ ಮಲಗಿಸಲು ಮಣಿಕಟ್ಟು ಪಕ್ಕಕ್ಕೆ ತಿರುಗಬೇಕಾಗುತ್ತದೆ. ಫಿಂಗರ್‌ಸ್ಟೈಲಂತೂ ಈ ಎತ್ತರದಲ್ಲಿ ಬೇಡ.

ನಡು ಎತ್ತರ, ಬ್ರಿಡ್ಜ್ ಹೊಕ್ಕುಳಿನಿಂದ ಬೆಲ್ಟ್ ಬಕಲ್ ನಡುವೆ ಎಲ್ಲಾದರೂ, ನೆಕ್ ಸುಮಾರು 30 ಡಿಗ್ರಿ ಎದ್ದಿರಲಿ. ಬಲ ಮೊಣಕೈ ತೊಂಬತ್ತು ಡಿಗ್ರಿಗಿಂತ ಸ್ವಲ್ಪ ಬಿಚ್ಚಿರುತ್ತದೆ, ಬೇಕೆಂದಾಗ ಹೆಬ್ಬೆರಳು ಹಿಂದಕ್ಕೂ ಹೋಗುತ್ತದೆ, ಮೇಲಕ್ಕೂ ಬರುತ್ತದೆ. ಯಾವ ಶೈಲಿ ಎಂದು ಇನ್ನೂ ತೀರ್ಮಾನಿಸದವರು, ಸಿನಿಮಾ ಹಾಡಿನ ಬ್ಯಾಂಡಿನಲ್ಲಿ ಒಂದೇ ಸಂಜೆ ಸ್ಟ್ರಮ್ಮಿಂಗ್, ಲೀಡ್, ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು) ಎಲ್ಲ ನುಡಿಸಬೇಕಾದವರು ಬೇರೆ ಯೋಚನೆ ಮಾಡದೆ ಇದನ್ನೇ ಆರಿಸಿ.

ಬೇಸ್ ಗಿಟಾರಿಗೆ ಒಂದೆರಡು ಮಾತು. ಅದರ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಸ್ಟ್ರಾಟೊಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರಿನದು 25.5. ಹಾಗಾಗಿ ಮೊದಲ ನಾಲ್ಕು ಫ್ರೆಟ್‌ಗಳ ಚಾಚು ಎಲ್ಲಕ್ಕಿಂತ ಕಷ್ಟ ಇಲ್ಲಿ, ನೆಕ್ಕಿನ ಕೋನವೂ ಇಲ್ಲಿಯೇ ಹೆಚ್ಚು ಮುಖ್ಯ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಬಡಿಯುವ ಶೈಲಿ) ನುಡಿಸುವವರಲ್ಲಿ ಲೆವೆಲ್ 42 ತಂಡದ ಮಾರ್ಕ್ ಕಿಂಗ್ ಬೇಸನ್ನು ಎದೆಯ ಹತ್ತಿರ ಕಟ್ಟುತ್ತಾರೆ. ಮುಂಗೈ ತಂತಿಗೆ ಹತ್ತಿರಹತ್ತಿರ ಸಮಾನಾಂತರವಾಗುವುದರಿಂದ ಹೆಬ್ಬೆರಳು ತಂತಿಯ ಮೇಲೆ ಬಡಿದು ಪುಟಿಯುತ್ತದೆ. ಕೆಳಗೆ ಕಟ್ಟಿದವರ ಹೆಬ್ಬೆರಳು ನೆಲದ ಕಡೆ ಮುಖ ಮಾಡಿ ತಂತಿಯನ್ನು ಅಡ್ಡ ಸೀಳಿಕೊಂಡು ಹೋಗುತ್ತದೆ, ಸದ್ದೂ ಬೇರೆ. ಇನ್ನು ಜಾಯ್ ಡಿವಿಷನ್‌ನ ಪೀಟರ್ ಹುಕ್ ಮಂಡಿಯ ಹತ್ತಿರ ಇಳಿಬಿಟ್ಟ ಬೇಸಿನಲ್ಲಿ ಮೇಲಿನ ಫ್ರೆಟ್‌ಗಳಲ್ಲೇ ರಾಗ ಕಟ್ಟಿದವರು. ಅಷ್ಟು ಕೆಳಗಿರುವಾಗ ಎಡಗೈಗೆ ನೆಕ್ಕಿನ ಆ ತುದಿಯೇ ಸುಲಭಕ್ಕೆ ಸಿಗುತ್ತದೆ.

ಸ್ಟ್ರಾಪ್ ಅಳತೆ ಮಾಡುವುದು

ಮನೆಯಲ್ಲಿ ಕೂತು ಅಭ್ಯಾಸ ಮಾಡಿ, ವೇದಿಕೆಯಲ್ಲಿ ನಿಂತು ನುಡಿಸುವವರಿಗೆ ಎರಡು ಬೇರೆ ಗಿಟಾರ್ ನುಡಿಸಿದಷ್ಟು ವ್ಯತ್ಯಾಸ ಕಾಣುತ್ತದೆ. ಅದನ್ನು ಕಡಿಮೆ ಮಾಡಲು ಕೂತಾಗಲೇ ಸ್ಟ್ರಾಪ್ ಅಳೆಯಬೇಕು. ಕುರ್ಚಿಯಲ್ಲಿ ಕೂತು, ನಿಮಗೆ ಅತಿ ಚೆನ್ನಾಗಿ ನುಡಿಸಲು ಬರುವ ಭಂಗಿಯಲ್ಲಿ ಗಿಟಾರ್ ಇಟ್ಟುಕೊಳ್ಳಿ. ಸ್ಟ್ರಾಪ್ ಹೆಗಲಿಗೆ ಹಾಕಿ, ಸಡಿಲ ಪೂರ್ತಿ ಹೋಗುವವರೆಗೆ ಬಿಗಿ ಮಾಡಿ. ಈಗ ಎದ್ದು ನಿಂತು ಕನ್ನಡಿ ನೋಡಿ. ಬ್ರಿಡ್ಜ್ ಎರಡು ಮೂರು ಸೆಂ.ಮೀ.ಗಿಂತ ಹೆಚ್ಚು ಕೆಳಗಿಳಿದಿರಬಾರದು, ನೆಕ್ ಅದೇ ಕೋನದಲ್ಲಿರಬೇಕು. ಆರನೇ ತಂತಿಯ ಮೇಲೆ ತೋರುಬೆರಳು ಒಂದನೇ ಫ್ರೆಟ್, ಉಂಗುರ ಬೆರಳು ಮೂರು, ಕಿರುಬೆರಳು ನಾಲ್ಕನೇ ಫ್ರೆಟ್, ಒಂದಾದ ಮೇಲೊಂದು ಒತ್ತಿ ನುಡಿಸಿ. ಮಣಿಕಟ್ಟು ಮಡಚದೆ ಮೂರೂ ಶುದ್ಧವಾಗಿ ಮೊಳಗಿದರೆ ಅಳತೆ ಸರಿ.

ಇನ್ನೂ ಕೆಳಗೆ ಬೇಕೆನಿಸಿದರೆ ಒಮ್ಮೆಗೆ ಎರಡು ಮೂರು ಸೆಂ.ಮೀ. ಮಾತ್ರ ಇಳಿಸಿ, ಒಂದು ವಾರ ನುಡಿಸಿ, ಅದೇ ಮೂರು ಬೆರಳಿನ ಪರೀಕ್ಷೆ ಮಾಡಿ. ಪರೀಕ್ಷೆ ಸೋತ ಜಾಗದಿಂದ ಒಂದು ಹೆಜ್ಜೆ ಮೇಲೆ ನಿಮ್ಮ ಮಿತಿ. ಅಳತೆ ಸಿಕ್ಕ ಮೇಲೆ ಸ್ಟ್ರಾಪ್ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ. ನೈಲಾನ್ ಸ್ಟ್ರಾಪಿನ ಪ್ಲಾಸ್ಟಿಕ್ ಬಕಲ್ ಗೊತ್ತಾಗದ ಹಾಗೆ ಜಾರುತ್ತದೆ, ತಿಂಗಳೊಪ್ಪತ್ತಿನಲ್ಲಿ ಗಿಟಾರ್ ಸಾಕಷ್ಟು ಇಳಿದಿರುತ್ತದೆ.

ನೆಕ್ ತಾನಾಗಿ ಕುಸಿಯುವ ಗಿಟಾರುಗಳಿವೆ. ಗಿಬ್ಸನ್ ಎಸ್‌ಜಿಯ ಮುಂದಿನ ಸ್ಟ್ರಾಪ್ ಬಟನ್ ನೆಕ್ ಸೇರುವಲ್ಲಿ ಹಿಂಬದಿಗಿದೆ, ಮೈಯೂ ಹಗುರ, ಹಾಗಾಗಿ ಹೆಡ್‌ಸ್ಟಾಕ್ ಕೆಳಕ್ಕೆ ಎಳೆಯುತ್ತದೆ. ಥಂಡರ್‌ಬರ್ಡ್ ಬೇಸಿನದೂ ಅದೇ ಕಥೆ. ಒಳಬದಿ ಒರಟಾದ ಸ್ಯೂಡ್ ಚರ್ಮದ ಸ್ಟ್ರಾಪ್ ಅಂಗಿಯನ್ನು ಕಚ್ಚಿ ಹಿಡಿಯುವುದರಿಂದ ಬಹುಪಾಲು ತೊಂದರೆ ಅಲ್ಲಿಗೇ ಪರಿಹಾರ. ನಾಲ್ಕು ಕೆಜಿ ದಾಟುವ ಲೆಸ್ ಪಾಲ್‌ನಂಥವಕ್ಕೆ ಐದು ಸೆಂ.ಮೀ. ಪಟ್ಟಿ ಹೆಗಲು ಕೊರೆಯುತ್ತದೆ, ಏಳೆಂಟು ಸೆಂ.ಮೀ. ಅಗಲದ್ದು ತೆಗೆದುಕೊಳ್ಳಿ, ಜೊತೆಗೆ ಸ್ಟ್ರಾಪ್ ಲಾಕ್ ಹಾಕಿಸಿ. ಲಾಕ್ ಇಲ್ಲದಿದ್ದರೆ ಬಟನ್‌ಗೆ ದಪ್ಪ ರಬ್ಬರ್ ವಾಷರ್ ತೊಡಿಸಿದರೂ ನಡೆಯುತ್ತದೆ.

ಹಲವು ಅಕೌಸ್ಟಿಕ್ ಗಿಟಾರುಗಳಿಗೆ ಹಿಂದೆ ಒಂದೇ ಬಟನ್ ಇರುತ್ತದೆ. ಇನ್ನೊಂದು ತುದಿಯನ್ನು ಹೆಡ್‌ಸ್ಟಾಕಿಗೆ ದಾರದಿಂದ ಕಟ್ಟಿದರೆ ನೆಕ್ ಕುಸಿಯುವುದಿಲ್ಲ. ಆದರೆ ದಾರ ಒಂದನೇ ಫ್ರೆಟ್ ಹತ್ತಿರ ಎಡಗೈಗೆ ಅಡ್ಡ ಬರುತ್ತದೆ. ನೆಕ್ಕಿನ ಹೀಲ್‌ಗೆ (ನೆಕ್ ಮೈಗೆ ಸೇರುವ ದಪ್ಪ ಬುಡ) ಬಟನ್ ಹಾಕಿಸಿದರೆ ಕೈಗೆ ಜಾಗ ಸಿಗುತ್ತದೆ. ಅದನ್ನು ಹೀಲ್‌ನ ತಳಕ್ಕೆ ಹೊಡೆಸಿದರೆ ಗಿಟಾರ್ ಮುಂದಕ್ಕೆ ಮುಗ್ಗರಿಸುತ್ತದೆ. ಹೀಲ್‌ನ ಪಕ್ಕಕ್ಕೆ, ತೆಳು ತಂತಿಗಳ ಬದಿಗೆ ಹಾಕಿಸುವುದು ವಾಸಿ. ತೂತು ಕೊರೆಯುವ ಕೆಲಸ ರಿಪೇರಿ ಗೊತ್ತಿದ್ದವರೇ ಮಾಡಲಿ.

ಫ್ರೆಟ್ ನೋಡುವ ಚಟ

ಹೊಸಬರು ಬೆರಳು ಎಲ್ಲಿ ಬಿತ್ತು ಎಂದು ನೋಡಲು ಗಿಟಾರಿನ ಮುಖವನ್ನು ತಮ್ಮ ಕಡೆಗೆ ವಾಲಿಸಿಕೊಳ್ಳುತ್ತಾರೆ. ಹತ್ತು ಡಿಗ್ರಿ ವಾಲಿದರೂ ನೆಕ್ಕಿನ ಕೆಳಗಿನಿಂದ ಸುತ್ತಿ ಬರುವ ಎಡಗೈ ಅಷ್ಟು ಹೆಚ್ಚು ಬಾಗಬೇಕು, ಕತ್ತು ಕೂಡ ಮುಂದಕ್ಕೆ ಜೋಲುತ್ತದೆ. ಎತ್ತರ, ಕೋನ ಎಷ್ಟೇ ಸರಿ ಮಾಡಿದ್ದರೂ ಈ ಒಂದು ಚಟ ಎಲ್ಲವನ್ನೂ ಕೆಡಿಸುತ್ತದೆ. ಗಿಟಾರಿನ ಮುಖ ಗೋಡೆಯ ಹಾಗೆ ನೆಟ್ಟಗಿರಲಿ. ನೋಡಬೇಕಾದದ್ದು ನೆಕ್ಕಿನ ಮೇಲಂಚಿನಲ್ಲಿ 3, 5, 7, 9, 12ನೇ ಫ್ರೆಟ್‌ಗಳ ಹತ್ತಿರ ಇರುವ ಚುಕ್ಕೆಗಳನ್ನು. ಕ್ಲಾಸಿಕಲ್ ಗಿಟಾರಿನಲ್ಲಿ ಅವು ಹೆಚ್ಚಾಗಿ ಇರುವುದಿಲ್ಲ. ಏಳನೇ ಫ್ರೆಟ್ ಪಕ್ಕ ಅಂಚಿಗೆ ಒಂದು ಪುಟ್ಟ ಸ್ಟಿಕ್ಕರ್ ಅಂಟಿಸಿಕೊಳ್ಳಿ.

ನೋವು ಬಂದರೆ

ಬೆರಳ ತುದಿ ಉರಿಯುವುದು, ಮುಂಗೈ ದಣಿಯುವುದು ಕಲಿಕೆಯ ಭಾಗ, ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಜುಮುಜುಮು, ಮರಗಟ್ಟುವಿಕೆ ಬೇರೆ. ಎಡಗೈ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಬಂದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಗಿಟಾರನ್ನು ಮೇಲಕ್ಕೆತ್ತಿ, ನೆಕ್ ಓರೆ ಮಾಡಿ. ಉಂಗುರ ಬೆರಳು, ಕಿರುಬೆರಳಲ್ಲಿ ಬಂದರೆ ಮೊಣಕೈಯಲ್ಲಿ ಒತ್ತುತ್ತಿರಬಹುದು. ಗಿಟಾರ್ ತೀರ ಮೇಲಿದ್ದು ಮೊಣಕೈ ಹೆಚ್ಚು ಮಡಚಿದೆಯೇ, ಅದನ್ನು ಕುರ್ಚಿಯ ಕೈಗೆ ಊರುತ್ತಿದ್ದೀರಾ ನೋಡಿ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಅಂಚಿನವರೆಗೆ ಚುಚ್ಚಿದಂತಾದರೆ ಹೆಚ್ಚಾಗಿ ಹೆಬ್ಬೆರಳು ನೆಕ್ಕನ್ನು ಅನಗತ್ಯವಾಗಿ ಹಿಂಡುತ್ತಿರುತ್ತದೆ. ಹೆಬ್ಬೆರಳು ತೆಗೆದು, ಬಲ ಮುಂಗೈಯಿಂದ ಗಿಟಾರನ್ನು ಎದೆಗೆ ಮೆಲ್ಲಗೆ ಒತ್ತಿಕೊಂಡು ಒಂದು ಬಾರ್ ಕಾರ್ಡ್ ನುಡಿಸಿ ನೋಡಿದರೆ ಎಷ್ಟು ಒತ್ತಡ ಸಾಕು ಎಂಬುದು ಕೈಗೇ ಗೊತ್ತಾಗುತ್ತದೆ. ಎತ್ತರ ಬದಲಿಸಿ ಎರಡು ವಾರವಾದರೂ ಮರಗಟ್ಟುವುದು ನಿಲ್ಲದಿದ್ದರೆ, ಅಥವಾ ರಾತ್ರಿ ನಿದ್ದೆಯಲ್ಲಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಗಿಟಾರ್ ಕೆಳಗಿಟ್ಟು ಮೂಳೆ ಅಥವಾ ನರರೋಗ ವೈದ್ಯರಿಗೆ ತೋರಿಸಿ. ಹೋಗುವಾಗ ನೀವು ನುಡಿಸುತ್ತಿರುವ ಅರ್ಧ ನಿಮಿಷದ ವೀಡಿಯೊ ಫೋನಿನಲ್ಲಿರಲಿ, ಒಂದು ಪಕ್ಕದಿಂದ ತೆಗೆದದ್ದು, ಒಂದು ಎದುರಿನಿಂದ ತೆಗೆದದ್ದು.